ಹಿಂದೆ ಕೂರುವವರನ್ನು ಕೇಳದೆ ಹಾಕಿಸಿದ ಪ್ಲೇಟು

ನಿನ್ನೆ ಹೊನ್ನಾಳಿ ದಾಟುವಾಗ ರಸ್ತೆಯ ಪಕ್ಕ ಯಾರೋ ಹಳೇ ಕಾಲದ ಕಾರೊಂದನ್ನು ಜಾಕ್ ಕೊಟ್ಟು ಎತ್ತಿ ನಿಲ್ಲಿಸಿದ್ದರು. ಗ್ರೀಸಿನ ವಾಸನೆ ನಮ್ಮ ಕಾರಿನೊಳಗೂ ಬಂತು. ಹಿಂದಿನ ಚಕ್ರದ ಬಳಿ ಮೂವರು ಗಂಡಸರು ಸೊಂಟಕ್ಕೆ ಕೈಯಿಟ್ಟು, ಬಗ್ಗಿ ಬಗ್ಗಿ ನೋಡಿ, ತಲೆಗೊಂದು ಅಭಿಪ್ರಾಯ ಹೇಳುತ್ತಿದ್ದರು. ನನಗೆ ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಆ ಉಪನ್ಯಾಸವನ್ನು ನಾನು ನಲವತ್ತು ವರ್ಷಗಳ ಹಿಂದೆಯೇ, ಕಾಫಿ ಸರಬರಾಜು ಮಾಡುತ್ತಾ, ಪೂರ್ತಿ ಕೇಳಿ ಮುಗಿಸಿದ್ದೇನೆ.

ಆಗ ನಾವು ಹೊನ್ನಾಳಿಯಲ್ಲೇ ಇದ್ದೆವು. ನಮ್ಮ ಯಜಮಾನರು ವಕೀಲರು. ಶಿವಮೊಗ್ಗದ ಒಬ್ಬ ಮುದಿ ಡಾಕ್ಟರರಿಂದ ಒಂದು ವಿಲಾಯತಿ ಕಾರು ಕೊಂಡಿದ್ದರು. ಅದರ ಹಾರ್ನ್ ಕೇಳಿ ಮನಸೋತು ಕೊಂಡದ್ದು; ಕಾರು ಜೊತೆಗೆ ಬಂತು ಅಷ್ಟೇ. ಎರಡು ವರ್ಷದಲ್ಲಿ ಅದರ ಹಿಂಭಾಗ ಕುಸಿದು, ಕೂತ ನಾಯಿಯಂತೆ ಕಾಣತೊಡಗಿತು. ಹಿಂದಿನ ಭಾರ ಹೊರುವ, ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಎಲ್ಲರೂ ಪ್ಲೇಟು ಅನ್ನುತ್ತಾರಲ್ಲ ಅವು, ಸೋತುಹೋಗಿದ್ದವು. ಅವುಗಳಲ್ಲಿ ಒಂದು ಸೀಳಿಯೂ ಇತ್ತು. ಅಂಥದ್ದೇ ಹೊಸ ಪ್ಲೇಟು ನಮ್ಮ ಸೀಮೆಯಲ್ಲಿ ಸಿಗುವಂತಿರಲಿಲ್ಲ. ಬದಲಿ ಯಾವುದು ಎಂಬ ವಿಚಾರಣೆ ನಮ್ಮ ಜಗುಲಿಯ ಮೇಲೆ ಹದಿನೈದು ದಿನ ನಡೆಯಿತು.

ಅದರ ಮುಖ್ಯ ನ್ಯಾಯಾಧೀಶರು ಒಬ್ಬ ಓವರ್‌ಸಿಯರ್. ಜಗಳೂರಿನಿಂದ ವರ್ಗವಾಗಿ ಬಂದವರು. ರಸ್ತೆ ಮಾಡಿಸುವವರಿಗೆ ರಸ್ತೆಯ ಮೇಲೆ ಓಡುವುದೆಲ್ಲ ಗೊತ್ತಿರುತ್ತದೆ ಎಂದು ಅವರು ನಂಬಿದ್ದರು. ಅವರು ಮಾಡಿಸಿದ ರಸ್ತೆ ನೋಡಿದವರು ಹಾಗೆ ನಂಬುವುದು ಕಷ್ಟ.

"ಜೀಪಿನ ಪ್ಲೇಟ್ ಹಾಕಿಸ್ರಿ ವಕೀಲ್ರೇ. ಜಗಳೂರಾಗೆ ನನ್ನ ಜೀಪಿನ ಮ್ಯಾಲೆ ಎಂಟು ಮಂದಿ, ಸಿಮೆಂಟ್ ಚೀಲ ಬ್ಯಾರೆ. ಒಂದಿನ ಬಗ್ಗಲಿಲ್ಲ."

ಸಿಮೆಂಟ್ ಚೀಲಕ್ಕೆ ಸೊಂಟ ಇರುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಚನ್ನಗಿರಿಯ ಗುಜರಿಯಿಂದ ಜೀಪಿನ ಪ್ಲೇಟು ತರಿಸಿದರು. ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಬುಡೇನ್ ಸಾಬರು ಏನೋ ಹೇಳಲು ಬಾಯಿ ತೆರೆದು, ಓವರ್‌ಸಿಯರ್ ಮುಖ ನೋಡಿ, ಮುಚ್ಚಿಕೊಂಡು ಹಾಕಿಕೊಟ್ಟರು. ಕಾರು ಹಿಂಭಾಗ ಎತ್ತಿ ನಿಂತಿತು. ಗಂಡಸರು ಸುತ್ತ ತಿರುಗಿ ನೋಡಿ ತೃಪ್ತರಾದರು.

ಇಷ್ಟೆಲ್ಲ ಚರ್ಚೆ ಮಾಡಿದವರಲ್ಲಿ ಒಬ್ಬರೂ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಲ್ಲ, ಗಮನಿಸಿದಿರಾ? ಹಿಂದೆ ಕೂರುತ್ತಿದ್ದವರು ಅತ್ತೆ ಮತ್ತು ನಾನು.

ಅತ್ತೆಯ ಅಕ್ಕ ನ್ಯಾಮತಿಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದರು. ಪ್ರತಿ ಸೋಮವಾರ ಅತ್ತೆ ಹೋಗಿ ಅವರ ತಲೆ ಬಾಚಿ, ಮಾತಾಡಿಸಿ ಬರುತ್ತಿದ್ದರು. ಹೊಸ ಪ್ಲೇಟು ಹಾಕಿಸಿದ ವಾರ ಹೋಗಿ ಬಂದ ಅತ್ತೆ ಮೂರು ದಿನ ಚಾಪೆ ಬಿಟ್ಟು ಏಳಲಿಲ್ಲ. ಪ್ರತಿ ಗುಂಡಿಗೂ ಸೀಟು ನಮ್ಮನ್ನು ಒದ್ದಿತ್ತು.

"ವಯಸ್ಸಾತಲ್ಲವ್ವಾ, ಸೊಂಟ ನೋಯದೇ ಇರತೈತಾ?" ಎಂದರು ಯಜಮಾನರು.

"ಹೊಸಾದು ಹಂಗೇ ಇರತೈತೆ. ಓಡ್ತಾ ಓಡ್ತಾ ಪಳಗತೈತೆ," ಎಂದರು ಓವರ್‌ಸಿಯರ್.

ನಾಲ್ಕು ಸೋಮವಾರ ಅತ್ತೆ ನ್ಯಾಮತಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಕೂರುವ ಶಕ್ತಿಯೂ ಉಳಿದಿರಲಿಲ್ಲ. ಅಕ್ಕ ಕೇಳುತ್ತಿದ್ದಾಳೆ ಎಂದು ಆ ಕಡೆಯಿಂದ ಬಂದವರು ಹೇಳಿಹೋಗುತ್ತಿದ್ದರು.

ಐದನೆಯ ವಾರ ಸ್ವಲ್ಪ ಚೇತರಿಸಿಕೊಂಡ ಅತ್ತೆ ಬುಡೇನ್ ಸಾಬರನ್ನು ಮನೆಗೆ ಕರೆಸಿದರು. "ಸಾಬ್ರೇ, ನೀವು ಗಾಡಿ ನಡಸ್ರಿ. ಇವನು ನನ್ನ ಪಕ್ಕ ಹಿಂದೆ ಕೂರ್ತಾನೆ," ಎಂದರು. ಯಜಮಾನರು ನಗುತ್ತಲೇ ಹತ್ತಿದರು. ಹೊಳೆಯ ಸೇತುವೆಯ ತನಕ ಹೋಗುವಷ್ಟರಲ್ಲಿ ಅವರ ತಲೆ ಎರಡು ಸಲ ಮೇಲೆ ಬಡಿದಿತ್ತಂತೆ. ವಾಪಸ್ಸು ಬರುವಾಗ ಮುಂದೆ ಕೂರುತ್ತೇನೆ ಎಂದರಂತೆ.

"ಕುಂತ್ಕೊಳಪ್ಪ. ಪಳಗತೈತೆ," ಎಂದರಂತೆ ಅತ್ತೆ.

ಮನೆಗೆ ಬಂದ ಮೇಲೆ ಬುಡೇನ್ ಸಾಬರು ಬಾಯಿಬಿಟ್ಟರು. "ಹಳೇ ಪ್ಲೇಟ್ ಬಿಸಾಕಿಲ್ಲ ಅಮ್ಮಾರೆ. ಕುಲುಮ್ಯಾಗೆ ಕಾಸಿ ಬಾಗು ಕೊಡಸ್ತೀನಿ. ಸೀಳಿರೋದು ಒಂದೇ, ಅದರ ಜಾಗಕ್ಕೆ ಟ್ಯಾಕ್ಸೀದು ಒಂದು ಹಾಕಿದ್ರೆ ಆತು. ಅವತ್ತೇ ಹೇಳಾಕೆ ಹೋದೆ. ಯಾರು ಕೇಳ್ತಾರೆ?"

ಅತ್ತೆ ಕೇಳಿದರು. ಮೊದಲು ಐದು ಪ್ಲೇಟು ಹಾಕಿಸಿ ಸೇತುವೆಯ ತನಕ ಹೋಗಿ ಬಂದು, "ತೀರಾ ಕುಸೀತೈತೆ," ಎಂದರು. ಆರು ಹಾಕಿಸಿ ಮತ್ತೆ ಹೋಗಿ ಬಂದು, "ಇದು ಇರ್ಲಿ," ಎಂದರು. ಹದಿನೈದು ದಿನದ ವಿಚಾರಣೆ ಒಂದು ಮುದುಕಿಯ ಬೆನ್ನುಮೂಳೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ತೀರ್ಮಾನವಾಯಿತು. ಓವರ್‌ಸಿಯರ್ ಆಮೇಲೆ ಬಂದು, ಇದೇ ಸರಿ ಎಂದು ತಾವು ಮೊದಲೇ ಹೇಳಿದ್ದಾಗಿ ತಿಳಿಸಿದರು.

ಮರುದಿನವೇ ನ್ಯಾಮತಿಗೆ ಹೋದೆವು. ಅಕ್ಕ ತಂಗಿಯ ಕೈ ಹಿಡಿದುಕೊಂಡರು, ಕಣ್ಣು ತುಂಬಿಕೊಂಡರು. ಮಾತು ಬರಲಿಲ್ಲ. ಹಿಂದಿನ ವಾರವೇ ನಿಂತುಹೋಗಿತ್ತು. ಆಮೇಲೆ ಎರಡು ತಿಂಗಳು ಬದುಕಿದ್ದರು. ಅತ್ತೆ ಒಂದು ಸೋಮವಾರವೂ ತಪ್ಪಿಸಲಿಲ್ಲ. ಮಾತೆಲ್ಲ ಅತ್ತೆಯೊಬ್ಬರದೇ.

ಗಂಡಸರನ್ನು ಇಷ್ಟು ಹೊತ್ತು ಹಳಿದೆ, ನೀವೂ ತಲೆದೂಗಿದಿರಿ. ಒಂದು ಮಾತು ಮುಚ್ಚಿಟ್ಟಿದ್ದೆ. ಜೀಪಿನ ಪ್ಲೇಟು ಹಾಕಿಸಿದ ದಿನ ಯಜಮಾನರು ಮೊದಲು ಹಿಂದೆ ಕೂರಿಸಿಕೊಂಡು ಊರು ಸುತ್ತಿಸಿದ್ದು ನನ್ನನ್ನೇ. ಇಳಿದಾಗ, "ಹೆಂಗೈತೆ?" ಎಂದು ಕೇಳಿದ್ದರು. ಸೊಂಟ ಹಿಡಿದುಕೊಂಡೇ, "ಚಲೋ ಐತ್ರಿ," ಎಂದಿದ್ದೆ. ಅತ್ತೆಗಿಂತ ಮೊದಲೇ ಗೊತ್ತಿದ್ದವಳು ನಾನು. ಓವರ್‌ಸಿಯರಿಗಾದರೂ ತಿಳಿಯದೆ ಮಾತಾಡಿದ ಪಾಪ. ನನ್ನದು ಹಾಗಲ್ಲ.

ನಿನ್ನೆ ಕಾರು ಓಡಿಸುತ್ತಿದ್ದವನು ನನ್ನ ಮಗ. ಊರು ದಾಟಿದ ಮೇಲೆ ವೇಗ ಹೆಚ್ಚಿಸಿದ. ನನ್ನ ಪಕ್ಕ ಸೊಸೆ ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದರಲ್ಲಿ ಊಟದ ಡಬ್ಬಿ ಬಿಗಿಯಾಗಿ ಹಿಡಿದು, ತುಟಿ ಕಚ್ಚಿ ಕೂತಿದ್ದಳು.

"ನಿಧಾನ ಹೋಗಪ್ಪ," ಎಂದೆ. "ಹಿಂದೆ ನಮಗೆ ಕೂರಾಕೆ ಆಗ್ತಿಲ್ಲ."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಇಷ್ಟು ವರ್ಷಗಳಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು. ಕಾರು ನಿಧಾನವಾಯಿತು. ಸೊಸೆ ಬಾಗಿಲ ಹಿಡಿ ಬಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು.