ಪಾಂಡವರ ಕೊಂಪಿ ಹಿಡಿದ ಹಂದಿ

ಹಂದಿಗೆ ಹೇಳಿ ಉಪಯೋಗವಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಎತ್ತಿಗೆ ಹೇಳಬಹುದು, ಎಮ್ಮೆಗೆ ಬೈಯಬಹುದು, ನಾಯಿಗೆ ಬಗ್ಗಿ ಕಲ್ಲು ಎತ್ತಿದಂಗ ಮಾಡಿದರೂ ಸಾಕು. ಹಂದಿ ಮಾತ್ರ ನಾವು ಹೇಳುವುದನ್ನೆಲ್ಲ ಕಿವಿ ಅಲುಗಿಸುತ್ತ ಪೂರ್ತಿ ಕೇಳಿಸಿಕೊಂಡು, ತಾನು ಹೊರಟ ಕಡೆಗೇ ಹೋಗುತ್ತದೆ.

ನಾನು ಐದನೇ ಕ್ಲಾಸಿಗೆ ಸಾಲಿ ಬಿಟ್ಟವನು. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ತೊಗರಿ, ಕಡಲೆ ಚೀಲ ಹೊತ್ತಿದ್ದೇನೆ. ಹೊತ್ತ ಚೀಲ ಒಂದನ್ನೂ ಕೆಳಗೆ ಬೀಳಿಸಿದವನಲ್ಲ. ಬೆನ್ನು ಇನ್ನು ಸಾಕು ಅಂದಾಗ ಮನ್ನಳ್ಳಿ ಕಡೆಯ ನಮ್ಮ ಹೊಲಕ್ಕೆ ತಿರುಗಿದೆ. ಮನೆ ಬೀದರಿನ ಮೈಲೂರಿನಲ್ಲೇ ಉಳಿಯಿತು. ಬೆಳಿಗ್ಗೆ ಎದ್ದು ಮೋಟರ್ ಸೈಕಲ್ ಮೇಲೆ ಹೊಲಕ್ಕೆ ಹೋಗುವುದು, ಹೊತ್ತು ಮುಳುಗಿದ ಮೇಲೆ ಬರುವುದು.

ಹಂದಿಯ ಹುಚ್ಚು ಹಿಡಿದದ್ದು ಫೋನಿನಿಂದ. ಯಾವುದೋ ದೇಶದ ರೈತನೊಬ್ಬ ಮೊಣಕಾಲುದ್ದ ಹಿಮದಲ್ಲಿ ನಿಂತು ತನ್ನ ಹಂದಿಗಳನ್ನು ತೋರಿಸುತ್ತಿದ್ದ. ಸುತ್ತ ಎಲ್ಲಿ ನೋಡಿದರೂ ಸುಣ್ಣ ಸುರಿದಂಗ ಬಿಳುಪು. ಮಧ್ಯ ಕಮಾನಿನಂಥ ತಗಡಿನ ಗೂಡುಗಳು. ಒಳಗಿನಿಂದ ಹಂದಿಗಳು ಮೈಯಿಂದ ಹಬೆ ಬಿಡುತ್ತ ಹೊರಬಂದು, ಹಿಮವನ್ನು ಮೂತಿಯಿಂದ ಒತ್ತಿ, ಕುಣಿದು, ಮತ್ತೆ ಒಳಗೆ ಹೋಗುತ್ತಿದ್ದವು. ಅವನ ಮಾತು ಒಂದೂ ತಿಳಿಯಲಿಲ್ಲ. ಕಣ್ಣು ಇದ್ದಾವಲ್ಲ, ಮಾತು ಎದಕ್ಕ ಬೇಕು ಅಂದುಕೊಂಡೆ. ಹಿಮದಲ್ಲೇ ಬದುಕುವ ಜೀವ ನಮ್ಮ ಬೀದರಿನ ಥಂಡಿಗೆ ಸಾಯುತ್ತದೇನು?

ಔರಾದ ಕಡೆಯ ಹಳ್ಳಿಯೊಂದರ ಮುದುಕನ ಹತ್ತಿರ ಎರಡು ಬಿಳಿ ಹೆಣ್ಣು ಹಂದಿ ಕೊಂಡು ತಂದೆ. ಎರಡೂ ಗಬ್ಬ. ಗಾಡಿಗೆ ಹತ್ತಿಸುವಾಗ ಮುದುಕ ಒಂದೇ ಮಾತು ಹೇಳಿದ.

"ನೋಡು ಬಾಬಾ, ಹಂದಿಗಿ ಥಂಡಿ ಕೊಲ್ಲಲ್ಲ, ಹಸಿ ಕೊಲ್ತದ. ಒಣಾದು ಏನರ ಹಾಸಿ ಬಿಡು, ಉಳದದ್ದು ಅದೇ ನೋಡ್ಕೋತದ."

"ಆಯ್ತು ಕಾಕಾ, ನಮಗೂ ತಿಳೀತದ," ಅಂದೆ. ಏನು ತಿಳಿದಿತ್ತೋ.

ಹಂದಿ ತರುವ ಮೊದಲೇ ಹೊಲದ ಮೂಲೆಯಲ್ಲಿ ತಂತಿ ಬೇಲಿ ಹಾಕಿದ್ದೆ. ಒಳಗೆ ವಿಡಿಯೋದಲ್ಲಿ ಕಂಡಂಥದ್ದೇ ತಗಡಿನ ಗೂಡು ಮಾಡಿಸಿದ್ದೆ. ಆ ಪರದೇಶಿಯ ಗೂಡಿಗೆ ನೆಲವೇ ಕಾಣಲಿಲ್ಲ, ನಾನು ಸಿಮೆಂಟಿನ ಗಚ್ಚು ಹಾಕಿಸಿದ್ದೆ. ಕನ್ನಡಿಯಂಥ ಗಚ್ಚು, ನೀರು ಹರಿದುಹೋಗಲು ಇಳಿಜಾರು ಬೇರೆ.

ಈ ಗಚ್ಚನ್ನು ತೊಳೆಯುವ ಚಟ ಹತ್ತಿಸಿದವನು ಪಕ್ಕದ ಹೊಲದವನು. ಹಂದಿ ಇಳಿಸಿದ ದಿನವೇ ಬದುವಿನ ಮೇಲೆ ಬಂದು ನಿಂತ. ಮೂಗಿಗೆ ಹೆಗಲ ಟವೆಲ್ಲು.

"ಏನ್ರಿ ಸಾಹುಕಾರ್ರ, ಕಡಿಗಿ ಇದೇ ಹೊಳೀತೇನ್ರಿ ನಿಮಗ?"

"ಯಾಕ, ನಿಮ್ಮ ಹೊಲದಾಗ ಬಿಟ್ಟೀನೇನು?"

"ಹಂದಿ ಬಿಟ್ಟಿಲ್ರಿ, ವಾಸನಿ ಬಿಟ್ಟೀರಿ. ನಮ್ಮ ಕಡಲಿ ಗಿಡ ಮಾರಿ ತಿರುವಿ ನಿಂತಾವ ನೋಡ್ರಿ."

ಇನ್ನೂ ಗಾಡಿಯಿಂದ ಇಳಿದು ತಾಸು ಆಗಿರಲಿಲ್ಲ! ಯಾವ ವಾಸನೆ? ಆದರೆ ಆ ಮಾತು ನನಗೆ ನಾಟಿತು. ಮರುದಿನದಿಂದ ಗೂಡನ್ನು ಬೆಳಿಗ್ಗೆ ಒಮ್ಮೆ, ಮನೆಗೆ ಹೊರಡುವ ಮುಂದೆ ಒಮ್ಮೆ, ಬೋರ್‌ವೆಲ್ಲಿನ ನೀರು ಬಿಟ್ಟು ಕಸಬರಿಗೆ ಹಾಕಿ ತೊಳೆಯತೊಡಗಿದೆ. ನಮ್ಮ ಮೈಲೂರಿನ ಮನೆಯ ಪಡಸಾಲೆ ಅಷ್ಟು ಚೊಕ್ಕ ಇರಲಿಲ್ಲ. ಹೆಂಡತಿ ಅಂದೇ ಬಿಟ್ಟಳು, "ಈ ಹಂದಿಗೋಳು ಪುಣ್ಯಾ ಮಾಡ್ಯಾವ ನೋಡ್ರಿ. ಮನ್ಯಾಗ ಒಂದಿನ ಕಸಬರಿಗಿ ಹಿಡದಿಲ್ಲ ನೀವು."

ಪಕ್ಕದವನಿಗೆ ಮಾತ್ರ ಹೊಸ ಮಾತು ಸಿಕ್ಕಿತು. ದಿನಾ ಸಂಜೆ ಬದುವಿನಿಂದ ಕೂಗುವುದು: "ಆಯ್ತೇನ್ರಿ ಜಳಕಾ? ಇವತ್ತ ಸಾಬಾಣ ಯಾವುದ್ರಿ?"

ಚಳಿ ಬಿದ್ದಿತು. ನಮ್ಮ ಕಡೆಯ ಚಳಿಗೆ ಹಿಮದ ಅಲಂಕಾರವಿಲ್ಲ. ಅದು ಒಣ ಗಾಳಿಯಾಗಿ ಬಂದು ತುಟಿ ಒಡೆದು, ಕೈ ಸೀಳಿ, ನಲ್ಲಿಯ ನೀರನ್ನು ಸೂಜಿ ಮಾಡುತ್ತದೆ. ಮೊದಲ ಹಂದಿಗೆ ದಿನ ತುಂಬಿದವು. ಎಮ್ಮೆಗೆ ಚಳಿಗಾಲದಲ್ಲಿ ಗೋಣಿತಟ್ಟು ಹೊದಿಸುವುದಿಲ್ಲವೇ, ಹಾಗೇ ಇದಕ್ಕೂ ಒಂದು ಕಟ್ಟಿದೆ. ಗಂಜಿನಲ್ಲಿ ಚೀಲದ ಬಾಯಿ ಹೊಲಿದ ಕೈ ನನ್ನದು, ನಾಲ್ಕೂ ಕಡೆ ಲಾಡಿ ಇಟ್ಟು ಹೊಲಿದಿದ್ದೆ. ಅದು ಹೊಟ್ಟೆ ಕೆಳಗಿನ ಲಾಡಿಯನ್ನು ಗಚ್ಚಿಗೆ ತಿಕ್ಕಿ ಹರಿದು, ತಟ್ಟನ್ನು ಬಾಯಲ್ಲಿ ಸಿಗಿದು ನಾರು ನಾರು ಮಾಡಿ ಒಂದು ಮೂಲೆಗೆ ಒಟ್ಟಿತು. ನಾನು ಬೈದು, ಆ ಹೊಲಸನ್ನೆಲ್ಲ ಬಳಿದು ಹೊರಗೆ ಚೆಲ್ಲಿ, ನೆಲ ತೊಳೆದೆ. ಇನ್ನೊಂದು ತಟ್ಟು ಹಾಸಿದೆ. ಅದನ್ನೂ ಹರಿದು ಒಟ್ಟಿತು. ಅದನ್ನೂ ಬಳಿದೆ. ಮೂರನೆಯ ಸಲ ಅದು ನನ್ನ ಕಡೆ ನೋಡಿ ಕಿರುಚಿದ್ದು ಈಗಲೂ ಕಿವಿಯಲ್ಲಿದೆ. "ಒದರು, ಒದರು. ನಾ ಎಂಥಾ ಮಂದೀದು ಒದರಾಟ ಕೇಳೀನಿ," ಅಂದು ಪೈಪು ಹಿಡಿದೆ.

ಎಂಟು ಮರಿ ಹಾಕಿತು. ಗುಲಾಬಿ ಬಣ್ಣ, ಅಂಗೈಯಷ್ಟುದ್ದ. ಮೂರು ದಿನ ನಾನು ಅಲ್ಲೇ ಇದ್ದೆ. ಮೂರನೆಯ ಮುಂಜಾನೆಗೆ ಎಂಟರಲ್ಲಿ ಒಂದೂ ಉಳಿಯಲಿಲ್ಲ. ಗಚ್ಚಿನ ಮೇಲೆ ಒಂದಕ್ಕೊಂದು ಒತ್ತಿಕೊಂಡು ಹಾಗೇ ಸೆಟೆದಿದ್ದವು.

ಅವತ್ತು ಪಕ್ಕದವನು ಬದುವಿನ ಮೇಲೆ ಬಂದ. ಹೆಂಡತಿಯ ತಲೆ ಮೇಲಿನ ಸತ್ತ ಮರಿಗಳ ಬುಟ್ಟಿ ನೋಡಿ ಏನೂ ಅನ್ನದೆ ಹೋದ. ಅವನು ಅಂದಿದ್ದರೇ ಚೆನ್ನಾಗಿತ್ತು.

ಹೆಂಡತಿ ಮರಿಗಳನ್ನು ಹೂಳಿ ಕೈ ತೊಳೆದಳು. ಆಮೇಲೆ ಅಂದಳು, "ಇನ್ನೊಂದು ಹಂದಿ ಅದಲ್ರಿ, ಅದೂ ಹೀಂಗೇ ಆದ್ರ, ಎರಡೂ ಔರಾದಿಗಿ ತಿರುಗಿ ಕಳಸ್ರಿ. ನಾ ಇನ್ನೊಮ್ಮಿ ಇಂಥಾ ಬುಟ್ಟಿ ಹೊರಂಗಿಲ್ಲ."

ನಾನು ಹೂಂ ಅಂದೆ. ಮಾತು ಕೊಟ್ಟಂಗಾಯಿತು. ಇಪ್ಪತ್ತೆರಡು ವರ್ಷ ಚೀಲ ಬೀಳಿಸದವನು ಎರಡು ಹಂದಿ ಕಟ್ಟಿಕೊಂಡು ಬಂದ ದಾರಿಯಲ್ಲೇ ತಿರುಗಿ ಹೋಗುವುದೆಂದರೆ! ಎರಡನೆಯದಕ್ಕೆ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಆಸುಪಾಸು ದಿನ ತುಂಬುವುದಿತ್ತು. ಈ ಸಲ ಕಡಿಮೆ ಬೀಳಬಾರದೆಂದು ಗೂಡಿನ ಬಾಯಿಗೆ ತಾಡಪಾಲು ಕಟ್ಟಿದೆ, ಗಾಳಿ ಸುಳಿಯದಂತೆ ಸಂದಿಗೆಲ್ಲ ಅರಿವೆ ತುರುಕಿದೆ. ತೊಳೆಯುವುದನ್ನು ಮಾತ್ರ ಬಿಡಲಿಲ್ಲ, ಎರಡು ಸಲ ಇದ್ದದ್ದು ಮೂರು ಸಲವಾಯಿತು. ಬೆಳಿಗ್ಗೆ ತಾಡಪಾಲು ತೆಗೆದರೆ ತಗಡಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಂದಿ ಕೆಮ್ಮುತ್ತಿತ್ತು. ಥಂಡಿ ತಡೆಯಲು ಇಷ್ಟು ಸಾಲದೆಂದು ಇನ್ನೂ ಬಿಗಿಯಾಗಿ ಕಟ್ಟಿದೆ. ತಲೆ ಅನ್ನುವುದು ನನ್ನ ಹೆಗಲ ಮೇಲೆ ಚೀಲಕ್ಕೆ ಆಸರೆಯಾಗಲಿಕ್ಕಷ್ಟೇ ಇತ್ತೋ ಏನೋ.

ಎಳ್ಳಮಾಸಿಗೆ ನಮ್ಮ ಕಡೆ ಊರೆಲ್ಲ ಹೊಲದಲ್ಲೇ. ಜೋಳದ ಕಣಿಕಿ, ಅಂದರೆ ಒಣಗಿದ ದಂಟಿನ ಐದು ಸಿವುಡು ನಿಲ್ಲಿಸಿ ತಲೆ ಕೂಡಿಸಿ ಕಟ್ಟಿದರೆ ಕೊಂಪಿ. ಸುಣ್ಣ ಬಳಿದ ಐದು ಕಲ್ಲು ಪಾಂಡವರು. ಅವರನ್ನು ಕೊಂಪಿಯೊಳಗೆ ಕೂಡಿಸಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಎಡೆ ಹಿಡಿದು, ಎಡೆಯದನ್ನೇ ಬೆಳೆಗೆ ಚರಗವೆಂದು ಚೆಲ್ಲಿ ಉಣ್ಣುವುದು. ಭಾಲ್ಕಿಯಲ್ಲಿರುವ ನನ್ನ ಅಕ್ಕ ಇದೊಂದು ಹಬ್ಬ ತಪ್ಪಿಸುವುದಿಲ್ಲ. ಮುನ್ನಾದಿನವೇ ಮೈಲೂರಿಗೆ ಬಂದಳು. ಅವತ್ತು ಮಧ್ಯಾಹ್ನ ನಾನು, ಹೆಂಡತಿ ಹೊಲಕ್ಕೆ ಹೋಗಿ, ಇದ್ದ ಕಣಿಕಿಯನ್ನೆಲ್ಲ ಬಳಸಿ ದೊಡ್ಡದೊಂದು ಕೊಂಪಿ ಕಟ್ಟಿದೆವು. ಬೆನ್ನು ಗಾಳಿಗೆ, ಬಾಯಿ ಮೂಡಣಕ್ಕೆ. ನಾಳೆ ಮಂದಿ ಕೂರಲಿಕ್ಕೆ ಬೇಕೆಂದು ಹೆಂಡತಿ ಒಂದು ಕೌದಿಯನ್ನು ಮಡಚಿ ಅದರೊಳಗೇ ಇಟ್ಟಳು.

ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಮೂವರೂ ಹೋದರೆ, ಬೇಲಿಯ ತಂತಿ ಒಂದು ಕಡೆ ಮೇಲೆದ್ದಿದೆ. ತಾಡಪಾಲು ಹರಿದಿದೆ. ಗೂಡಿನಲ್ಲಿ ಮೊದಲ ಹಂದಿ ಒಂದೇ, ಗಬ್ಬದ್ದು ಇಲ್ಲ. ಕೊಂಪಿಯ ಬಾಯಲ್ಲಿ ಬಿಳಿ ಬೆನ್ನು ಕಾಣುತ್ತಿದೆ.

ಕೌದಿ ಚಿಂದಿ ಚಿಂದಿಯಾಗಿತ್ತು. ಅದರ ಮೇಲೆ ಜೋಳದ ಒಣ ಎಲೆಯ ರವದಿ, ಒಣಹುಲ್ಲು, ನನ್ನ ತಾಡಪಾಲಿನ ತುಂಡು ಎಲ್ಲ ಎಳೆದು ತಂದು, ದುಂಡಗೆ ಬಟ್ಟಲಿನಂತೆ ಒಟ್ಟಿಕೊಂಡು ಮಲಗಿತ್ತು. ನನಗೆ ನೆತ್ತಿಗೆ ಏರಿತು. ಕೋಲು ಹುಡುಕಿ ಹೋದೆ.

"ಏ, ಏ, ಏನ್ ಮಾಡ್ಲತ್ತಿದಿ?" ಅಂದಳು ಅಕ್ಕ.

"ಎಬ್ಬಸ್ತೀನಿ. ಪಾಂಡವರ ಜಾಗಾ ಅದು!"

ಅಕ್ಕ ಬಗ್ಗಿ ನೋಡಿದಳು. ನೋಡಿ, ಕೈಯಲ್ಲಿದ್ದ ಐದು ಕಲ್ಲಿನ ಬುಟ್ಟಿಯನ್ನು ನೆಲದ ಮೇಲಿಟ್ಟಳು.

"ಕೋಲ್ ಒಗಿ ಮೊದಲ. ಅದಕ್ಕ ಬ್ಯಾನಿ ಸುರು ಆಗ್ಯಾವ. ಹೆರೋ ಜೀವಾ ಎಬ್ಬಸ್ತಾರೇನೋ ಮೂಳಾ?"

"ಹಂಗಾದ್ರ ಪಾಂಡವರು?"

"ಹನ್ನೆರಡ ವರ್ಷ ವನವಾಸ ಮಾಡಿ ಬಂದವ್ರು ಅವ್ರು. ಒಂದ್ ತಾಸ್ ಹೊರಗ ಕುಂಡ್ರಲ್ಲೇನು?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವುದೋ ಅಳುವುದೋ ತಿಳಿಯಲಿಲ್ಲ. ಅವಳ ಕಣ್ಣು ಹಂದಿಯ ಮೇಲಿತ್ತು. ಔರಾದಿಗೆ ತಿರುಗಿ ಕಳಿಸುವ ಮಾತು ಇಬ್ಬರಿಗೂ ನೆನಪಿತ್ತು.

ಎರಡನೆಯ ಮರಿ ಬಿದ್ದಾಗ ನಾನು ಅದನ್ನು ಮೊಲೆಗೆ ಹಚ್ಚಲು ಒಳಗೆ ಕೈ ಹಾಕಿದೆ. ಹೊರಗೆ ನಮ್ಮ ಹಲ್ಲು ಕಟಕಟ ಅನ್ನುತ್ತಿದ್ದವು. ಒಳಗೆ ರವದಿಯಲ್ಲಿ ಕೈ ಮೊಣಕೈ ತನಕ ಹೂತು ಹೋಯಿತು. ಬೆಚ್ಚಗೆ, ಆಗಷ್ಟೇ ಎದ್ದವರ ಹಾಸಿಗೆಯ ಹಾಗೆ. ಒಂದು ಹನಿ ಹಸಿ ಇಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತೆ. ಆ ಹಿಮದ ದೇಶದವನ ಗೂಡಿನಲ್ಲಿ ನೆಲ ಕಾಣದಷ್ಟು ಹುಲ್ಲು ಯಾಕಿತ್ತೆಂದು ಆಗ ಗೊತ್ತಾಯಿತು. ಮೊದಲ ಹಂದಿ ಮೂರು ಸಲ ಒಟ್ಟಿ, ಮೂರನೆಯ ಸಲ ಕಿರುಚಿದ್ದು ಯಾಕೆಂದೂ ಗೊತ್ತಾಯಿತು. ಎಂಟು ಮರಿಗಳನ್ನು ಥಂಡಿ ಕೊಂದಿರಲಿಲ್ಲ.

"ಏನಾಯ್ತೋ?" ಅಂದಳು ಅಕ್ಕ.

"ಏನಿಲ್ಲ. ಗಚ್ಚು ತೊಳಿಬಾರದಿತ್ತು," ಅಂದೆ.

ಹೆಂಡತಿ ಕೇಳಿಸಿಕೊಂಡಳು. ಚೆದುರಿದ ರವದಿಯನ್ನು ಹಂದಿಯ ಕಡೆ ತಳ್ಳಿದಳು.

ಈಗ ಪಾಂಡವರಿಗೆ ಇನ್ನೊಂದು ಕೊಂಪಿ ಆಗಬೇಕು, ನನ್ನ ಹತ್ತಿರ ಒಂದು ಸಿವುಡು ಕಣಿಕಿ ಉಳಿದಿಲ್ಲ. ಬಣವಿ ಇದ್ದದ್ದು ಪಕ್ಕದ ಹೊಲದಲ್ಲಿ. ಅವನ ಮನೆಮಂದಿಯೆಲ್ಲ ಹಬ್ಬಕ್ಕೆ ಬಂದಿದ್ದರು, ಬೀಗರೂ ಇದ್ದರು. ಬದುವಿನ ತನಕ ಹೋಗಿ ಎರಡು ಸಲ ತಿರುಗಿ ಬಂದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ಇದ್ದಳು. ಮೂರನೆಯ ಸಲ ದಾಟಿದೆ.

"ಐದು ಸಿವುಡು ಕಣಿಕಿ ಬೇಕಾಗಿತ್ತು."

"ನಿನ್ನಿ ಕೊಂಪಿ ಹಾಕಿದ್ರಲ್ರಿ?"

"ಅದರಾಗ ಹಂದಿ ಹೆರ್ಲತ್ತದ."

ಬೀಗರು ತುತ್ತು ನಿಲ್ಲಿಸಿದರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎಷ್ಟು ದಿನದ ಮಾತು ಅವನ ಬಾಯಲ್ಲಿ ಕೂಡಿತ್ತೋ, ಎಲ್ಲ ಒಮ್ಮೆಲೇ ಬರುತ್ತದೆಂದು ಹಲ್ಲು ಕಚ್ಚಿ ನಿಂತೆ.

"ಎಷ್ಟು ಹಾಕ್ಯಾದ್ರಿ?"

"ಈಗ ಐದು. ಇನ್ನೂ ನಡದದ."

"ಹಂಗಾದ್ರ ಪಾಂಡವರು ಆಗಲೇ ಬಂದಾರಲ್ರಿ. ಮತ್ತ ಎದಕ್ಕ ಕೊಂಪಿ?" ಅಂದು, ಬೀಗರೆಲ್ಲ ನಕ್ಕ ಮೇಲೆ, ತಾನೇ ಎದ್ದು ಹತ್ತು ಸಿವುಡು ಹೊತ್ತು ತಂದ. ಐದು ಪೂಜೆಗೆ, ಐದು ಹಂದಿಗೆ. ಹಂದಿಯ ಪಾಲನ್ನು ಕೊಂಪಿಯ ಗಾಳಿ ಬರುವ ಕಡೆಗೆ ಅವನೇ ಆನಿಸಿ ನಿಲ್ಲಿಸಿದ. ಮೂಗಿಗೆ ಟವೆಲ್ಲು ಮಾತ್ರ ಬಿಡಲಿಲ್ಲ.

ಒಟ್ಟು ಹತ್ತು ಮರಿ. ಒಂದು ತಾಯಿಯ ಮೈ ಕೆಳಗೆ ಸಿಕ್ಕು ಹೋಯಿತು. ಒಂಬತ್ತು ಉಳಿದವು. ಮೂರು ದಿನ, ಐದು ದಿನ, ಹತ್ತು ದಿನ. ಹೆಂಡತಿ ಪ್ರತಿ ಬೆಳಿಗ್ಗೆ ನನ್ನ ಜೊತೆ ಗಾಡಿ ಹತ್ತಿ ಬಂದು ತಾನೇ ಎಣಿಸುತ್ತಿದ್ದಳು. ಹತ್ತನೆಯ ದಿನ ಎಣಿಸಿ, "ಔರಾದದ ಕಾಕಾಗ ಒಂದು ಫೋನ್ ಹಚ್ಚರಿ," ಅಂದಳು.

ಹಂದಿ ತಿರುಗಿ ಕಳಿಸಲಿಕ್ಕೇ ಅಂದುಕೊಂಡೆ. "ಎದಕ್ಕ?"

"ಹಂದೀದ ಕೆಮ್ಮಿಗಿ ಏನ್ ಕೊಡಬೇಕಂತ ಕೇಳರಿ. ಈ ಸಲ ಆಂವ ಹೇಳಿದ್ದು ಪೂರಾ ಕೇಳರಿ."

ಈಗ ಚಳಿಗಾಲ ಬಂದರೆ ಹಂದಿಗೊಂದು ಕೊಂಪಿ ಹಾಕುತ್ತೇನೆ. ಅವು ಗೋಡೆಯನ್ನೇ ತಿನ್ನುತ್ತವೆ. ವಾರಕ್ಕೊಮ್ಮೆ ಹೊಸ ಸಿವುಡು ಕಟ್ಟಬೇಕು, ಕಟ್ಟುತ್ತಿರುವಾಗಲೇ ಹಿಂದಿನಿಂದ ಬಂದು ಎಳೆಯುತ್ತವೆ. ಬೈಯುತ್ತೇನೆ, ಕಿವಿ ಅಲುಗಿಸುತ್ತವೆ. ತಗಡಿನ ಗೂಡಿನೊಳಗೆ, ಆ ಕನ್ನಡಿಯಂಥ ಗಚ್ಚಿನ ಮೇಲೆ, ಕಣಿಕಿ ಒಟ್ಟಿದ್ದೇನೆ. ಹಬ್ಬಕ್ಕೆ ಬಂದ ಅಕ್ಕ ಹೋದ ವರ್ಷ ಗೂಡಿನ ಬಾಯಲ್ಲೇ, ಆ ಒಣ ಕಣಿಕಿಯ ಮೇಲೆ, ಕೈ ತೊಳೆಯಲು ಚೆಂಬು ಎತ್ತಿದಳು. ಎಷ್ಟು ಜೋರಾಗಿ ಒದರಿದೆನೆಂದರೆ ಪಕ್ಕದ ಹೊಲದವನು ಬದುವಿಗೆ ಓಡಿಬಂದ.