ಅರವತ್ತು ಮೀನಿನ ತಲೆ

ಆ ಶುಕ್ರವಾರ ಆರ್ವಿ ಎರಡು ಲೋಟ ಕಾಫಿ ಕುಡಿದ. ಕಪ್ಪು ರೊಟ್ಟಿಗೆ ಬೆಣ್ಣೆ ಹಚ್ಚಿ ತಿಂದ. ಉಣ್ಣೆಯ ಕಾಲುಚೀಲ ತೂತಾಗಿದೆ ಎಂದು ಗೊಣಗಿದ. ಸಂಜೆ ಹೊಲಿದುಕೊಡುತ್ತೇನೆ ಎಂದಳು ಲೆಂಪಿ. ಹೊಲಿದೂ ಕೊಟ್ಟಳು.

ಕಬ್ಬಿಣದ ಗಣಿ ಬಿಟ್ಟ ಮೇಲೆ ಇಪ್ಪತ್ತೆರಡು ವರ್ಷ ಅವಳ ಗಂಡ ಉತ್ತರ ಮಿನ್ನೆಸೋಟಾದ ಹಾಲ್ಟರ್ ಸರೋವರದ ವಾಲಾಯ್ ಮೀನಿನ ಲೆಕ್ಕ ಇಟ್ಟವನು. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಗುಡಿಸಲು ಹಾಕಿ, ತೂತು ಕೊರೆದು ಗಾಳ ಬಿಡುವವರ ಬಳಿಗೆ ಹೋಗಿ ಮೀನು ಅಳೆಯುತ್ತಿದ್ದ, ತಲೆ ಕೇಳಿ ತರುತ್ತಿದ್ದ. ತಲೆಯೊಳಗಿನ ಕಿವಿಮೂಳೆಯಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಅದನ್ನು ಎಣಿಸಿದರೆ ಮೀನಿನ ವಯಸ್ಸು ಸಿಕ್ಕಿತು. ಒಮ್ಮೆ ಸ್ವಂತ ಅಣ್ಣನ ಮೀನು ಒಯ್ಯಬಹುದಾದ ಅಳತೆಗಿಂತ ಅರ್ಧ ಇಂಚು ಹೆಚ್ಚಾಯಿತೆಂದು ಅದನ್ನು ನೀರಿಗೆ ವಾಪಸ್ ಬಿಡಿಸಿದ್ದ. ಅಣ್ಣ ಎರಡು ಕ್ರಿಸ್‌ಮಸ್ ಮನೆಗೆ ಬರಲಿಲ್ಲ.

ಆ ವರ್ಷ ಎಳೆಯ ಮೀನು ಕಮ್ಮಿಯಾದ ಅನುಮಾನವಿತ್ತು. ಭಾನುವಾರ ಗಾಳದ ಕಾಲ ಮುಗಿಯುತ್ತದೆ, ಅಷ್ಟರೊಳಗೆ ಹಿಡಿದ ಮೀನುಗಳ ಅರವತ್ತು ತಲೆ ಬೇಕು, ಅದರಲ್ಲಿ ಇಪ್ಪತ್ತಾದರೂ ಎಳೆಯವು ಇರದಿದ್ದರೆ ಬೇಸಿಗೆಯಲ್ಲಿ ಯಾರೂ ಒಂದು ಮೀನನ್ನೂ ಮನೆಗೊಯ್ಯುವಂತಿಲ್ಲ ಎಂದು ಮೀನುಗಾರಿಕೆ ಇಲಾಖೆ ಹೇಳಿತ್ತು. ಮೀನು ಒಯ್ಯಲು ಬಿಡದಿದ್ದರೆ ಪ್ರವಾಸಿಗರು ಬರುವುದಿಲ್ಲ. ದಡದಲ್ಲಿ ಒಂದು ಅಂಗಡಿ, ನಾಲ್ಕು ಬಾಡಿಗೆ ಮನೆ ಇಟ್ಟಿದ್ದ ಡ್ವೇನ್ ಊರ ಸಭೆಯಲ್ಲೇ ಚುಚ್ಚಿದ್ದ.

"ಆರ್ವಿ, ನಿನ್ ಅಳತೆಕೋಲು ಒಲೆ ಪಕ್ಕ ಇಡೋ, ಹಿಗ್ಗಲಿ. ಮೀನೆಲ್ಲ ಗಿಡ್ಡ ಆಗಿ ಎಳೇವಾಗ್ತವೆ."

ಎಲ್ಲರೂ ನಕ್ಕಿದ್ದರು. ಆರ್ವಿಯೂ ನಕ್ಕಿದ್ದ.

ಶುಕ್ರವಾರ ಸಂಜೆಗೆ ನಲವತ್ತೊಂದು ತಲೆಯಾಗಿತ್ತು. ಶನಿವಾರ ಬೆಳಿಗ್ಗೆ ಏಳುವಾಗ ಗಾಳಿ ಜೋರಿತ್ತು. ಮಂಜುಗಡ್ಡೆ ಎರಡಡಿ ದಪ್ಪವಿದ್ದರೂ ಗಾಳಿಗೆ ನಡುವೆ ಸೀಳುತ್ತದೆ. ಸೀಳಿದ ಕಡೆ ತೆಳ್ಳಗೆ ಹೆಪ್ಪುಗಟ್ಟಿ ಮೇಲೆ ಹಿಮ ಮುಚ್ಚುತ್ತದೆ. ಅದಕ್ಕೇ ಹೆಜ್ಜೆಹೆಜ್ಜೆಗೂ ಹಾರೆಯಿಂದ ಕುಟ್ಟಿ ನಡೆಯಬೇಕು. ಊರಿಗೆಲ್ಲ ಇದನ್ನು ಕಲಿಸಿದವನೇ ಅವನು.

"ಕುಟ್ಕೊಂಡು ಹೋಗು," ಎಂದಳು ಲೆಂಪಿ.

"ನಿನ್ನೆ ಡ್ವೇನ್ ಗಾಡಿ ಹೋಗಿದೆಯಲ್ಲ, ಅದೇ ಜಾಡಲ್ಲಿ ಹೋಗ್ತೀನಿ. ಕುಟ್ತಾ ನಿಂತ್ರೆ ಹತ್ತೊಂಬತ್ತು ತಲೆ ಆಗಲ್ಲ."

ನಿನ್ನೆಯ ಜಾಡು ಗಾಳಿ ಬೀಸುವ ಮೊದಲಿನದು.

ಅಡುಗೆಮನೆಯ ಕಿಟಕಿಯಿಂದ ಅವಳು ಅವನ ಕೆಂಪು ಟೋಪಿ ನೋಡುತ್ತಿದ್ದಳು. ಒಂದು ತಟ್ಟೆ ತೊಳೆದು ತಲೆಯೆತ್ತಿದಳು. ಟೋಪಿ ಇತ್ತು. ಇನ್ನೊಂದು ತೊಳೆದಳು. ಇತ್ತು. ಮೂರನೆಯದಕ್ಕೆ ತಲೆಯೆತ್ತಿದಾಗ ಬರೀ ಬಿಳಿ ಬಯಲು. ಗುಡಿಸಲುಗಳು ಇನ್ನೂ ದೂರ ಇದ್ದವು. ಅಷ್ಟು ಬೇಗ ತಲುಪಿರಲು ಸಾಧ್ಯವಿಲ್ಲ. ಕೋಟು ಹಾಕದೆ ಓಡಿದಳು.

ಹಗ್ಗ ಹಾಕಿ ಹೆಣ ಮೇಲೆತ್ತಿದವನು ಡ್ವೇನ್. ಹಾರೆ ಆರ್ವಿಯ ಬೆನ್ನಿಗೆ ಕಟ್ಟಿದ್ದ ಹಾಗೇ ಇತ್ತು.

ಸೋಮವಾರ ಡ್ವೇನ್ ಬಕೆಟ್ ಹಿಡಿದು ಬಂದ. ಆರ್ವಿಯ ಕೆಲಸ ಅರ್ಧಕ್ಕೆ ನಿಲ್ಲಬಾರದು, ಹತ್ತೊಂಬತ್ತು ತಲೆ ತಂದಿದ್ದೇನೆ ಎಂದ. ಲೆಂಪಿ ಪೇಪರ್ ಹಾಸಿ ಬಕೆಟ್ ಬೋರಲು ಹಾಕಿದಳು. ಒಂದೊಂದೂ ಎಳೆಯದು.

"ದೊಡ್ಡವು ಎಲ್ಲಿ?"

"ಸಿಗ್ಲಿಲ್ಲ."

"ನಿನ್ನೆ ಚರ್ಚಿಗೆ ಹೋಗೋವಾಗ ನೋಡ್ದೆ. ನಿನ್ ಅಂಗಡಿ ಮುಂದೆ ನೇತಾಡ್ತಿದ್ವು."

ಡ್ವೇನ್ ಟೋಪಿ ತೆಗೆದ. "ನಾಲ್ಕು ಮನೆ ಮುಚ್ಬೇಕಾಗತ್ತೆ, ಲೆಂಪಿ. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲ. ಇದಕ್ಕೆ ಅಂತ ಹೋದ ಅವನು. ಎಲ್ಲ ತಲೆ ತಾ. ಇಲ್ಲಾಂದ್ರೆ ಇದನ್ನೂ ತಗೊಂಡು ಹೋಗು."

ಅವನು ಹೋದ. ಬರುವುದಿಲ್ಲ ಎಂದುಕೊಂಡಳು. ಬರದಿದ್ದರೆ ನಲವತ್ತೊಂದಕ್ಕೇ ಗಂಡನ ಲೆಕ್ಕ ಮುಗಿಯಿತು. ಕತ್ತಲಾಗುವ ಮುಂಚೆ ಮೂರು ಬಕೆಟ್ ಬಂದವು. ಡ್ವೇನ್ ಮುಖ ಆಚೆ ತಿರುಗಿಸಿ, ಕೈಗೆ ಸಿಕ್ಕಿದ ಹತ್ತೊಂಬತ್ತನ್ನು ಎತ್ತಿಕೊಟ್ಟ.

ಅರವತ್ತರಲ್ಲಿ ಎಳೆಯವು ಹದಿನಾಲ್ಕು.

ಆ ಬೇಸಿಗೆ ಹಿಡಿದ ಮೀನೆಲ್ಲ ನೀರಿಗೆ ಹೋಯಿತು. ಡ್ವೇನ್ ನಾಲ್ಕು ಮನೆಗೂ ಹಲಗೆ ಬಡಿದ. ಅಂಗಡಿಯಲ್ಲಿ ಲೆಂಪಿ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಮುಂದಿನ ವರ್ಷ ದೋಣಿ ಇಳಿಸುವ ಕಡೆ ಯಾರೋ ಒಂದು ತಗಡಿನ ಪೆಟ್ಟಿಗೆ ಇಟ್ಟಿದ್ದರು. ಒಳಗೆ ದೊಡ್ಡವು, ಸಣ್ಣವು, ಎಲ್ಲ ತಲೆಗಳೂ ಇದ್ದವು. ಪೆಟ್ಟಿಗೆ ಡ್ವೇನ್‌ನದು ಎಂದು, ಮನೆಗಳ ಹಲಗೆಗೆ ಹೊಡೆದ ಹಾಗೇ ಮೊಳೆ ಹೊಡೆದ ರೀತಿಯಿಂದಲೇ ಗೊತ್ತಾಯಿತು.

ಈಗಲೂ ಬೆಳಿಗ್ಗೆ ಲೆಂಪಿ ಹೋಗಿ ಪೆಟ್ಟಿಗೆ ತೆಗೆಯುತ್ತಾಳೆ. ತಲೆ ಸೀಳಿ ಎರಡು ಕಿವಿಮೂಳೆ ತೆಗೆದು, ತೊಳೆದು, ಒರೆಸಿ, ಸಣ್ಣ ಲಕೋಟೆಗೆ ಹಾಕಿ ಮೇಲೆ ತಾರೀಕು ಬರೆಯುತ್ತಾಳೆ.