ಸತ್ತ ಮಗನ ಪಾರ್ಟು

ನಮ್ಮ ಕಾರ್ಖಾನೆಯ ನಾಟಕದಲ್ಲಿ ನನಗೆ ಮುಖ ತೋರಿಸದ ಪಾರ್ಟು ಸಿಕ್ಕಿತ್ತು. ನನ್ನ ಮುಖ ಬಲ್ಲವರು ನಿರ್ದೇಶಕರ ದೂರದೃಷ್ಟಿಯನ್ನು ಹೊಗಳಿದರು. ಕೊಲೆಯಾದ ಮಗ ಪರದೆಯ ಹಿಂದಿನಿಂದ ತಾಯಿಯನ್ನು ಕೂಗಿ, ಬಾಗಿಲಿಗೆ ಬಂದ ಕೊಲೆಗಾರನನ್ನು ಕ್ಷಮಿಸು ಎನ್ನಬೇಕು. ಅಷ್ಟೇ. ಯಲಹಂಕದಲ್ಲಿ ನಾನು ಅಣಕಿಸದ ಗಂಟಲು ಉಳಿದಿರಲಿಲ್ಲ: ಫೋರ್‌ಮನ್ನು, ಅರ್ಚಕರು, ನೆಗಡಿಯಾದ ನಾನು. ಆದರೂ ಹುಬ್ಬಳ್ಳಿ ಕಡೆಯ ನಿರ್ದೇಶಕರು ದಿನವೂ ತಲೆ ಚಚ್ಚಿಕೊಳ್ಳುತ್ತಿದ್ದರು.

"ಏನಲೇ, ಸತ್ತಾಂವ ಹಿಂಗ ಮಾತಾಡ್ತಾನೇನು? ರೇಷನ್ ಅಂಗಡ್ಯಾಗ ಕ್ಯೂ ನಿಂತಾಂಗ ಐತಿ!"

"ಸತ್ತು ನೋಡ್ಕೊಂಡ್ ಬಂದು ಹೇಳ್ತೀನಿ ಸಾರ್."

ಸಾಯುವ ಬದಲು ಸತ್ತವನೊಬ್ಬನ ದನಿಯನ್ನು ತಂದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಾಳಸಂದ್ರದಿಂದ ಸೈಕಲ್ಲಿನಲ್ಲಿ ನಮಗೆ ಹಾಲು ತರುತ್ತಿದ್ದವನದು. 'ಅಮ್ಮಾ' ಎನ್ನುವಾಗ ಅದು ಕೊನೆಯಲ್ಲಿ ಸೀಳಿ ಮೇಲೇರುತ್ತಿತ್ತು. ಹೊಲದ ಬದುವಿನ ಜಗಳದಲ್ಲಿ ಸ್ವಂತ ಚಿಕ್ಕಪ್ಪನೇ ಅವನನ್ನು ಗುದ್ದಲಿಯಿಂದ ಹೊಡೆದು ಕೊಂದಿದ್ದ.

ನಾಟಕದ ದಿನ ನಾನು 'ಅಮ್ಮಾ' ಎಂದದ್ದೇ ತಡ, ಸಭೆಯ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಓಗೊಟ್ಟಳು.

"ಇಲ್ಲೇ ಇವ್ನಿ ಕಣಪ್ಪಾ."

ಯಾರೂ ನಗಲಿಲ್ಲ. ಆಕೆ ಹಾಲಿನವನ ತಾಯಿ.

ಮರುದಿನ ಕಾರ್ಖಾನೆಯ ಗೇಟಿನಲ್ಲಿ ನನಗಾಗಿ ಕಾದಿದ್ದಳು. "ಈ ಅಮಾಸೆಗೆ ಇರೀಕರ ಅಬ್ಬ. ಮಗನ್ಗೆ ಎಡೆ ಇಕ್ತೀನಿ. ನನ್ ಮೈದುನ ಜೈಲಿಂದ ಬಂದವ್ನೆ. ದಿನಾ ಜಗಲಿ ಮ್ಯಾಲೆ ಕುಂತು, ಒಂದ್ ತುತ್ತು ಇಕ್ಕು ಅತ್ಗೆ ಅಂತಾನೆ. ಇಕ್ಬೋದಾ ಅಂತ ಮಗನ್ನೇ ಕೇಳ್ಬೇಕು. ನೀನು ಒಳಗಿರು."

"ಅಮ್ಮಾ, ನಾನು ಬರೀ ಅಣಕ ಮಾಡೋನು."

"ಗೊತ್ತು ಕಣ್ ಮಗ. ಗೊತ್ತಿದ್ರೂನೂವೆ."

ಹಿರಿಯರ ಹಬ್ಬದಲ್ಲಿ ಎಡೆಯಿಟ್ಟು, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಸತ್ತವರು ಬಂದು ಉಣ್ಣಬೇಕಲ್ಲ. ಅಂದು ನಾನೊಬ್ಬ ಒಳಗುಳಿದೆ. ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು. ಪಕ್ಕದಲ್ಲಿ ಮಡಿಸಿಟ್ಟ ಹೊಸ ಅಂಗಿ. ಹೊರಗೆ ನಡುಮಧ್ಯಾಹ್ನ, ಒಳಗೆ ಕತ್ತಲು. ಗಾಳಿಯಿರಲಿಲ್ಲ. ಆದರೂ ಸಾಂಬ್ರಾಣಿ ಹೊಗೆ ಆ ಅಂಗಿಯ ಕಡೆಗೇ ಬಾಗುತ್ತಿತ್ತು.

"ಇವ್ನಿಗೆ ಉಣ್ಣಾಕ್ ಇಕ್ಲಾ ಮಗಾ?" ಅವಳು ಬಾಗಿಲಾಚೆಯಿಂದ ಕೇಳಿದಳು.

ಇಕ್ಕು ಎನ್ನಲು ಬಾಯಿ ತೆರೆದೆ. ಅವನ ದನಿ ಬರಲಿಲ್ಲ. ಕೊನೆಗೆ ಫೋರ್‌ಮನ್ನನದಾದರೂ ಬರಬೇಡವೆ? ಅಣಕದ ಅಂಗಡಿ ಪೂರ್ತಿ ಬಾಗಿಲು ಹಾಕಿತ್ತು. ಎರವಲು ತಂದದ್ದನ್ನು ಯಾರೋ ಗಂಟಲೊಳಗೆ ಕೈಹಾಕಿ ವಾಪಸು ತೆಗೆದುಕೊಂಡಂತಿತ್ತು.

"ಇಕ್ಲಾ?"

ಎಲೆಯ ಆಚೆ ಬದಿಯಲ್ಲೂ ಒಬ್ಬರು ನನ್ನ ಹಾಗೆಯೇ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನ್ನಿಸಿತು. ಆ ಕಡೆ ಕಣ್ಣೆತ್ತುವ ಧೈರ್ಯವಾಗಲಿಲ್ಲ. ಅವಳು ಮೂರನೇ ಸಲ ಕೇಳಿದಳು. ಜಗಲಿಯಲ್ಲಿ ಗಂಡಸೊಬ್ಬ ಬಿಕ್ಕುವುದು ಕೇಳಿಸಿತು. ಆಮೇಲೆ ಅದೂ ನಿಂತಿತು.

ಬಹಳ ಹೊತ್ತಿನ ಮೇಲೆ ಅವಳೇ ಬಾಗಿಲು ತೆರೆದಳು. ನನ್ನತ್ತ ನೋಡಲೂ ಇಲ್ಲ, ಬೈಯಲೂ ಇಲ್ಲ. ಎಡೆಯ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮೈದುನನ ಮುಂದಿಟ್ಟಳು.

"ಉಣ್ಣು. ಅವ್ನೇನೂ ಏಳ್ಲಿಲ್ಲ. ನಾನ್ ಏಳ್ತಾ ಇವ್ನಿ."

ಮುದ್ದೆ ಅವನ ಬೆರಳಿನಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಅವಳು ಎದುರಿಗೆ ಕೂತು, ತಾನೇ ಮುದ್ದೆ ಮುರಿದು, ಸಾರಿಗೆ ಅದ್ದಿ, ಅವನ ಕೈಯಲ್ಲಿಟ್ಟಳು.